ನಡುಗೈ ಇಲ್ಲದ ಸೋಫಾ

ಮಾಘದ ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಕಾವೇರಿರಲಿಲ್ಲ. ಮಧ್ಯಾಹ್ನ ಉಂಡು ಊರೆಲ್ಲ ಅಡ್ಡಾಗುವ ಹೊತ್ತು. ನನ್ನ ತಮ್ಮ ಫಕೀರಪ್ಪ ನೆಲದಿಂದ ಏಳಲು ಹೋಗಿ, ಏಳಲಾಗದೆ, ಗೋಡೆಗೆ ಕೈ ಊರಿ ಹಾಗೇ ಕುಳಿತುಬಿಟ್ಟ. ಇದೆಲ್ಲ ಸುರುವಾದದ್ದು ಅಲ್ಲಿಂದ.

ಮನೆಯಲ್ಲಿ ಕೂರಲು ಇದ್ದದ್ದು ಒಂದೇ ಬೆತ್ತದ ಕುರ್ಚಿ. ಅದರಲ್ಲಿ ಅವನ ಹೆಂಡತಿ ಹೊನ್ನವ್ವ ಇದ್ದಳು. ಅವಳು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು, ಆದರೆ ಬೂದಿ ಇನ್ನೂ ಆ ಕುರ್ಚಿ ಏರಿರಲಿಲ್ಲ. ಬೂದಿ ಅಂದರೆ ಮನೆಯ ಬೆಕ್ಕು, ಮೈಬಣ್ಣವೂ ಬೂದಿಯದೇ. ನಾಯಿ ಸುಬೇದಾರನೂ ಕುರ್ಚಿಯ ಹತ್ತಿರ ಬಂದರೆ ಒಂದು ಸುತ್ತು ಹಾಕಿ ದಾಟುತ್ತಿದ್ದ. ನಮ್ಮ ಊರಿನಲ್ಲಿ ಸತ್ತವರು ತಾವು ಕೂರುತ್ತಿದ್ದ ಜಾಗದಲ್ಲಿ ಒಂದಷ್ಟು ಕಾಲ ಇರುತ್ತಾರೆ. ಮನೆಯ ಬೆಕ್ಕೋ ನಾಯಿಯೋ ಹೋಗಿ ಆ ಜಾಗದಲ್ಲಿ ಮಲಗಿದ ದಿನ ಅವರು ಹೋದರು ಅಂತ ತಿಳಿದು, ಅದನ್ನು ತೊಳೆದು, ಗೋಧಿ ಹುಗ್ಗಿ ಮಾಡಿ ನೆರೆಯವರಿಗೆ ಕೊಡುತ್ತೇವೆ. ಸಾಕುಪ್ರಾಣಿ ಇಲ್ಲದವರು ಪಕ್ಕದ ಮನೆಯ ಬೆಕ್ಕನ್ನು ಬುಟ್ಟಿಯಲ್ಲಿ ತಂದು ನೋಡುತ್ತಾರೆ. ಕೆಲವರು ವಾರದಲ್ಲೇ ಹೋಗುತ್ತಾರೆ, ಕೆಲವರಿಗೆ ವರ್ಷವೂ ಸಾಲದು. ನಮ್ಮ ಮಾವ ಜೋಳದ ಧಾರಣೆ ಏರುವವರೆಗೂ ಕೂತೇ ಇದ್ದರು ಅಂತ ನಮ್ಮ ಅತ್ತೆ ಬೈಯುತ್ತಿದ್ದಳು.

ಹೀಗಾಗಿ ನಮ್ಮಲ್ಲಿ ಉದ್ದನೆಯ ಆಸನಗಳಿಗೆಲ್ಲ ನಡುಗೈ ಇರುತ್ತದೆ. ಚಾವಡಿಯ ಬೆಂಚು, ಆಸ್ಪತ್ರೆಯ ಬೆಂಚು, ಮನೆಯ ಸೋಫಾ, ಯಾವುದೇ ಇರಲಿ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಮೊಣಕೈ ಎತ್ತರದ ಒಂದು ಕಟ್ಟಿಗೆಯ ಕೈ. ಅದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಬಾಗಿಲಿಗೆ ಹೊಸ್ತಿಲು ಇದ್ದ ಹಾಗೆ ಅದೂ ಇರುತ್ತದೆ.

ಫಕೀರಪ್ಪ ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಹೊನ್ನವ್ವ ಹೋದ ಮೇಲೆ ಗಿರಣಿ ಮುಚ್ಚಿ, ಹಗಲೆಲ್ಲ ಆ ಕುರ್ಚಿಯ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ಮೊಣಕಾಲು ಹಿಡಿದದ್ದು ಹಾಗೆ. ಮಗಳು ಕಸ್ತೂರಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮನೆ ನಡೆಸುತ್ತಿದ್ದಳು. ಗಂಡನ ಮನೆ ಒಗ್ಗದೆ ತಿರುಗಿ ಬಂದವಳು. ನಾನೂ ಗಂಡ ಹೋದ ಮೇಲೆ ಅಲ್ಲೇ ಇದ್ದವಳು. ಆ ಮಧ್ಯಾಹ್ನ ಇಬ್ಬರೂ ಸೇರಿ ಅವನನ್ನು ಎತ್ತಿ ನಿಲ್ಲಿಸಿದೆವು. ಅತ್ತ ಸುಬೇದಾರನೂ ಏಳಲಾಗದೆ ಹಿಂಗಾಲು ಎಳೆಯುತ್ತಿದ್ದ. ಅವನಿಗೂ ವಯಸ್ಸಾಗಿತ್ತು, ಕಲ್ಲು ಹಾಸಿನ ತಂಪಿಗೆ ಸೊಂಟ ಹೋಗಿತ್ತು.

"ನೋಡತ್ತಿ, ಇಬ್ರೂ ಒಂದ ನಮೂನಿ ಕುಂಟಾಕತ್ತಾರ," ಅಂದಳು ಕಸ್ತೂರಿ. "ಒಂದು ಸೋಫಾ ತಂದಬಿಡೂಣು. ಅಪ್ಪಗೂ ಆತು, ನಾಯಿಗೂ ಆತು."

"ನನಗ ಬ್ಯಾಡ," ಅಂದ ಫಕೀರಪ್ಪ.

"ನಿನಗ ಯಾರು ಕೇಳಿದ್ರು? ನಾಯಿಗೆ ತರಾಕತ್ತೀನಿ. ನೀ ಬೇಕಾದ್ರ ತುದೀಗೆ ಕುಂದ್ರು."

ಮರುದಿನ ಸುಬೇದಾರನಿಗೆ ಹಗ್ಗ ಹಾಕಿ, ಬೂದಿಯನ್ನು ಬುಟ್ಟಿಯಲ್ಲಿ ಮುಚ್ಚಿ, ನಾನೂ ಕಸ್ತೂರಿಯೂ ದಸ್ತಗೀರ್‌ಸಾಬರ ಅಂಗಡಿಗೆ ಹೋದೆವು. ಸೋಫಾ ಮಾಡುವವರು ಅವರೇ, ಮಾರುವವರೂ ಅವರೇ. ನಮ್ಮಲ್ಲಿ ಮನೆಯ ಪ್ರಾಣಿ ಮಲಗಿ ನೋಡದೆ ಯಾರೂ ಆಸನ ಕೊಳ್ಳುವುದಿಲ್ಲ, ಹಾಗಾಗಿ ಅಂಗಡಿ ತುಂಬ ಕೂದಲು, ಮೂಲೆಯಲ್ಲಿ ಯಾರದೋ ಆಡು.

ದಸ್ತಗೀರ್‌ಸಾಬರು ಮೊದಲು ರೆಕ್ಸಿನ್ ತೋರಿಸಿದರು. ಕಸ್ತೂರಿ ಬೂದಿಯ ಪಂಜ ಹಿಡಿದು ಮೆಲ್ಲಗೆ ಅದುಮಿ, ಉಗುರು ಹೊರಗೆ ಬಂದಾಗ ರೆಕ್ಸಿನ್ ಮೇಲೆ ಒಂದು ಗೀರು ಎಳೆದಳು. ಬಿಳಿ ಗೆರೆ ಎದ್ದಿತು.

"ಏ ತಂಗಿ, ನನ್ನ ಮಾಲು!"

"ಈಗ ನಿಮ್ಮದು, ನಾಳಿಗಿ ನನ್ನದು. ಬ್ಯಾರೆ ತೋರಸ್ರಿ."

ಮಖಮಲ್ಲು ತೋರಿಸಿದರು. ಸುಬೇದಾರ ಒಂದು ಸಲ ಮೈ ಉಜ್ಜಿದ್ದೇ ತಡ, ಅದು ನಾಯಿಯ ಚರ್ಮದ ಹಾಗೆ ಕಾಣತೊಡಗಿತು. ಎತ್ತರದ ಕಾಲಿನದನ್ನು ಅವನಿಗೆ ಹತ್ತಲಾಗಲಿಲ್ಲ. ಕೊನೆಗೆ ದಪ್ಪ ಹತ್ತಿಯ, ಒತ್ತಾಗಿ ನೇಯ್ದ ಬಟ್ಟೆಯದು ಸಿಕ್ಕಿತು. ಉಗುರು ಸಿಕ್ಕುವುದಿಲ್ಲ, ಒಣಗಿದ ಹುಲ್ಲಿನ ಬಣ್ಣ ಆದ್ದರಿಂದ ಸುಬೇದಾರನ ಕೂದಲು ಕಾಣುವುದೂ ಇಲ್ಲ. ಗವಸಿಗೆ ಚೈನು ಇತ್ತು, ತೆಗೆದು ಒಗೆಯಬಹುದು. ಕಾಲು ಗಿಡ್ಡ. ಮೂರು ಜನ ಕೂರುವಷ್ಟು ಉದ್ದ, ನಡುವೆ ಎರಡು ನಡುಗೈ.

"ಗಂಡು ನೋಡೂದಕಿಂತ ಹೆಚ್ಚು ನೋಡಿದಿ ತಂಗಿ," ಅಂದರು ಸಾಬರು.

"ಗಂಡು ಸರಿ ಇಲ್ಲಂದ್ರ ಬಿಟ್ಟು ಬರಬೌದು ಕಾಕಾ, ಬಂದೂ ನೋಡೀನಿ. ಸೋಫಾ ಹೊತಗೊಂಡು ಎಲ್ಲಿಗಿ ಹೋಗಲಿ?"

ಸುಬೇದಾರ ಹತ್ತಿದ. ಹತ್ತಿ, ಮಲಗಲು ತಿರುಗಿದ. ನಡುಗೈ ಪಕ್ಕೆಗೆ ಒತ್ತಿತು. ಮುದುರಿ ನೋಡಿದ, ಸೊಂಟ ನೋಯಿತೇನೋ, ಕುಂಯ್ ಅಂದು ಇಳಿದುಬಿಟ್ಟ. ಕಸ್ತೂರಿ ಎರಡು ಸಲ ಎತ್ತಿ ಕೂರಿಸಿದರೂ ಇಳಿದ.

"ಇವನ್ನ ತಗದ ಕೊಡ್ರಿ," ಅಂದಳು ನಡುಗೈ ತಟ್ಟಿ.

ಸಾಬರು ನನ್ನ ಮುಖ ನೋಡಿದರು. "ಅಕ್ಕಾರ, ನೀವರ ಹೇಳ್ರಿ."

ನಾನು ಹೇಳಿದೆ. "ಕಸ್ತೂರಿ, ಮನ್ಯಾಗ ನಿಮ್ಮವ್ವ ಇನ್ನೂ ಅದಾಳ. ಕೈ ಇಲ್ಲದ್ದು ಒಳಗ ತರಬಾರ್ದು."

"ಅವ್ವ ತನ್ನ ಕುರ್ಚ್ಯಾಗ ಅದಾಳ ಅತ್ತಿ. ಅಕಿ ಕುರ್ಚಿಗೆ ಎರಡೂ ಕೈ ಅದಾವ. ನಾಯಿ ಉದ್ದಕ ಮಲಗಬೇಕಲ್ಲ? ಅವ್ವನ ನಾಯಿ ಅದು. ನಾ ಚೆಂದಂಗೆ ನೋಡಕೋಬೇಕಲ್ಲ?"

ನಾನು ಸಾಬರ ಕಡೆ ತಲೆ ಆಡಿಸಿದೆ. ಸಾಬರು ಬೋಲ್ಟು ಬಿಚ್ಚಿ, ತೂತುಗಳಿಗೆ ಬಿರಡೆ ಹಾಕಿ, ನಡುಗೈಗಳನ್ನು ಹಾಳೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. "ಮಾರೂದಿಲ್ಲ, ಇಟ್ಟಿರ್ತೀನಿ," ಅಂದರು. ಸುಬೇದಾರ ಆ ಉದ್ದಕ್ಕೂ ಕಾಲು ಚಾಚಿ, ಅಂಗಡಿಯಲ್ಲೇ ಗೊರಕೆ ಹೊಡೆದ.

ಸೋಫಾ ಬಂದ ದಿನ ಅದನ್ನು ಬೆತ್ತದ ಕುರ್ಚಿಗೆ ಎದುರಾಗಿ ಇಟ್ಟೆವು. ಮರುದಿನ ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬಂದರೆ, ಬೂದಿ ಬೆತ್ತದ ಕುರ್ಚಿಯಲ್ಲಿ ಸುರುಳಿಯಾಗಿ ಮಲಗಿತ್ತು.

ಕಸ್ತೂರಿ ಯಂತ್ರ ನಿಲ್ಲಿಸಿ ಓಡಿ ಬಂದಳು. ಸ್ವಲ್ಪ ಅತ್ತಳು. ನಾನು ಗೋಧಿ ನೆನೆಹಾಕಿದೆ. ಕುರ್ಚಿಯನ್ನು ಅಂಗಳಕ್ಕೆ ಒಯ್ದು ತೊಳೆದೆವು. ಫಕೀರಪ್ಪ ಬಾಗಿಲಲ್ಲಿ ನಿಂತಿದ್ದ. ಸಂಜೆ ಹುಗ್ಗಿ ಒಲೆಯಿಂದ ಇಳಿಸಿ, ನೆರೆಯವರಿಗೆ ಬಟ್ಟಲು ತುಂಬುತ್ತಿದ್ದಾಗ ಸುಬೇದಾರ ಸೋಫಾ ಹತ್ತಲು ಹೋದ. ಎಡಗಡೆಯ ತುದಿಗೆ ಮುಂಗಾಲು ಇಟ್ಟ. ಇಟ್ಟವನು ಹಾಗೇ ನಿಂತ. ಆಮೇಲೆ ಒಂದೊಂದೇ ಕಾಲು ಕೆಳಗಿಟ್ಟು, ಸುತ್ತು ಹಾಕಿ, ನಡುವಿನ ಜಾಗಕ್ಕೆ ಹತ್ತಿ ಮಲಗಿದ.

ನಾನು ಸೌಟು ಕೆಳಗಿಟ್ಟೆ. ಹೊನ್ನವ್ವ ಹೋಗಿರಲಿಲ್ಲ. ಎದ್ದು ಬಂದು ಸೋಫಾದಲ್ಲಿ ಕೂತಿದ್ದಳು.

ಫಕೀರಪ್ಪ ನಕ್ಕ. ಅವಳು ತೀರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. "ಹೊಸದು ಬಂದ್ರ ಮೊದಲ ತಾನ ಕುಂದ್ರಬೇಕು ಅಕಿಗೆ," ಅಂದು ಬಲಗಡೆಯ ತುದಿಗೆ ಹೋಗಿ ಕುಳಿತ. ಆ ಹುಗ್ಗಿ ನಾವೇ ಉಂಡೆವು.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಎಡ ತುದಿಯಲ್ಲಿ ಅವಳು, ಬಲ ತುದಿಯಲ್ಲಿ ಅವನು, ನಡುವೆ ಸುಬೇದಾರ ಅವನ ತೊಡೆಯ ಮೇಲೆ ತಲೆಯಿಟ್ಟು. ಸಂಜೆಯಾದರೆ ಫಕೀರಪ್ಪ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. ದೊಡ್ಡ ಮಾತೇನಲ್ಲ. ಈ ಸಲದ ತೊಗರಿಬೇಳೆ ಬೇಯುವುದಿಲ್ಲ, ಹಿತ್ತಲ ನುಗ್ಗೆ ಹೂ ಬಿಟ್ಟಿದೆ, ಹಿಂಗೆ. ನಡುನಡುವೆ ಸುಮ್ಮನಾಗಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಆಮೇಲೆ "ಹೌದು ಹೌದು" ಅನ್ನುತ್ತಿದ್ದ. ಅನ್ನ ಹೊಟ್ಟೆ ತುಂಬ ಉಣ್ಣುತ್ತಿದ್ದ. ಮುಖಕ್ಕೆ ಕಳೆ ಬಂದಿತ್ತು. ನಡುಗೈಗಳು ಸಾಬರ ಅಟ್ಟದ ಮೇಲೇ ಉಳಿದವು.

ಹೋಳಿ ಕಳೆದ ಮೇಲೆ ಒಂದು ದಿನ ಸುಬೇದಾರ ನಡುವಿನ ಜಾಗಕ್ಕೆ ಹತ್ತಲಿಲ್ಲ. ಬೂದಿಯನ್ನು ಎತ್ತಿ ಅಲ್ಲಿ ಬಿಟ್ಟರೆ ಕಾದ ಹಂಚಿನ ಮೇಲೆ ಬಿಟ್ಟಂತೆ ಜಿಗಿದು ಅಟ್ಟ ಸೇರಿತು. ಎಡ ತುದಿಗೆ ಮಾತ್ರ ಹೋಗಿ ಮಲಗುತ್ತಿತ್ತು. ಹೊನ್ನವ್ವ ಒಂದು ಜಾಗ ಸರಿದಿದ್ದಳು. ತಡೆಯಲು ನಡುಗೈ ಇರಲಿಲ್ಲ.

ಆಮೇಲೆ ಬಹಳ ದಿನ ಹಿಡಿಯಲಿಲ್ಲ. ಫಕೀರಪ್ಪ ಉಂಡು ಕೂತು, ಎಂದಿನಂತೆ ರೊಟ್ಟಿಯ ತುಂಡು ಮುರಿದು ಸುಬೇದಾರನ ಕಡೆ ಹಿಡಿದ. ನಾಯಿ ಅವನ ಕೈ ನೋಡಿತು, ಮುಖ ನೋಡಿತು. ಬೊಗಳಲಿಲ್ಲ, ಗುರ್ರೆನ್ನಲಿಲ್ಲ. ತಲೆ ತಗ್ಗಿಸಿ, ಅವನ ಸುತ್ತ ಒಂದು ಸುತ್ತು ಹಾಕಿ, ಹೊಸ್ತಿಲ ಹತ್ತಿರ ಹೋಗಿ ಮಲಗಿತು. ಕುರ್ಚಿಗೆ ಸುತ್ತು ಹಾಕುತ್ತಿತ್ತಲ್ಲ, ಹಾಗೆ.

ಫಕೀರಪ್ಪ ರೊಟ್ಟಿಯ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡ.

ಉಸಿರು ಇತ್ತು, ಮೈ ಬೆಚ್ಚಗಿತ್ತು, ಎದ್ದು ಓಡಾಡುತ್ತಿದ್ದ. ಎಲೆ ಅಡಿಕೆಗೆ ಅಂತ ಬೀದಿಗೆ ಹೋದರೆ, ಬೀದಿ ನಾಯಿಗಳು ಎದ್ದು ಮೆಲ್ಲಗೆ ದಾರಿ ಬಿಡುತ್ತಿದ್ದವು. ಕಟ್ಟಿದ ಎಮ್ಮೆ ಮೆಲುಕು ನಿಲ್ಲಿಸುತ್ತಿತ್ತು. ಅವನು ಬರುತ್ತಾನೆ ಅಂತ ನಮಗೆ ಗೊತ್ತಾಗುತ್ತಿದ್ದದ್ದು ಸಪ್ಪಳದಿಂದ ಅಲ್ಲ, ಬೀದಿಯ ಸಪ್ಪಳ ನಿಲ್ಲುವುದರಿಂದ. ಜನ ಎಂದಿನಂತೆ "ಆರಾಮ ಏನಪಾ ಫಕೀರಪ್ಪ" ಅನ್ನುತ್ತಿದ್ದರು, ಅಂದು ತಮ್ಮ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ.

ಕಸ್ತೂರಿ ದಸ್ತಗೀರ್‌ಸಾಬರನ್ನು ಕರೆತಂದಳು. ಅವರು ಹಾಳೆಯಲ್ಲಿ ಸುತ್ತಿದ್ದ ನಡುಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಫಕೀರಪ್ಪಣ್ಣ, ಸ್ವಲ್ಪ ಏಳ್ತಿ ಏನು? ಬೋಲ್ಟು ಹಾಕಬೇಕು."

"ಹಾಕು. ನಾ ಎಲ್ಲಿ ಬ್ಯಾಡಂದೆ?" ಅಂದ. ಏಳಲಿಲ್ಲ.

ಸಾಬರು ಬೂದಿಯನ್ನು ತರಿಸಿಕೊಂಡರು. ಎಡ ತುದಿಗೆ ಬಿಟ್ಟರು, ಅದು ಕೂತಿತು. ನಡುವಿನ ಜಾಗದ ಅಂಚಿಗೆ ಬಿಟ್ಟರು, ಅಲ್ಲೂ ಕೂತಿತು. ಇನ್ನಷ್ಟು ಆಚೆ, ಇನ್ನಷ್ಟು ಆಚೆ. ಫಕೀರಪ್ಪನ ತೊಡೆ ತಾಕುವವರೆಗೂ ಕೂತಿತು. ತಾಕಿದ್ದೇ ತಡ, ಬಾಲ ದಪ್ಪ ಮಾಡಿಕೊಂಡು ಓಡಿತು. ಸಾಬರು ನಡುಗೈಯನ್ನು ಮತ್ತೆ ಹಾಳೆಯಲ್ಲಿ ಸುತ್ತತೊಡಗಿದರು.

"ಯಾಕ ಕಾಕಾ?" ಅಂದಳು ಕಸ್ತೂರಿ.

"ಎಲ್ಲಿ ಹಾಕಲಿ ತಂಗಿ? ನಡುವು ಇದ್ರ ನಡುಗೈ ಹಾಕಬೌದು. ಇಬ್ರೂ ಒಂದ ಜಾಗದಾಗ ಅದಾರ."

ಅವರು ಚಹಾ ಕುಡಿಯದೆ ಹೋದರು. ನಾನು ತಮ್ಮನ ಎದುರು ಕೂತೆ. "ಫಕೀರಾ, ನಾಯಿ ನಿನ್ನ ಕಡೆ ಬರವಲ್ದು. ನಿನಗ ಗೊತ್ತೈತಿ?"

"ಗೊತ್ತೈತಿ ಅಕ್ಕ."

"ಅಂಜಿಕಿ ಇಲ್ಲೇನು?"

"ಯಾತರ ಅಂಜಿಕಿ?" ಅಂದ. "ನಲವತ್ತು ವರ್ಷ ಗಿರಣಿ ಸಪ್ಪಳದಾಗ ಇದ್ದೆ. ಮನೀಗೆ ಬಂದ್ರೂ ಕಿವ್ಯಾಗ ಅದ ಗುಂಯ್‌ಗುಡತಿತ್ತು. ಅಕಿ ಏನೇನೋ ಹೇಳಾಕಿ, ನಾ ಹೂಂ ಅನ್ನಾಂವ. ಒಂದು ಮಾತೂ ಕೇಳಿದ್ದಿಲ್ಲ. ಈಗ ಕೇಳತೈತಿ ಅಕ್ಕ. ಎಲ್ಲಾ ಮೊದಲಿಂದ ಹೇಳಾಕತ್ತಾಳ. ಇನ್ನೂ ಮದುವಿ ವರ್ಷಕ್ಕ ಬಂದಿಲ್ಲ."

"ನನ್ನ ಮಾತು ಯಾರು ಕೇಳಬೇಕು ಅಪ್ಪಾ?" ಅಂದಳು ಕಸ್ತೂರಿ. ಅವಳು ಬಾಗಿಲಲ್ಲಿ ನಿಂತಿದ್ದಳು. "ನೀನೂ ಹೋದ್ರ?"

ಅವನು ತಲೆ ಓರೆ ಮಾಡಿದ್ದ. ಅವಳ ಕಡೆಗಲ್ಲ.

ಕಸ್ತೂರಿ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಗುಂಡಿ ಹಚ್ಚಬೇಕಾದ ಒಂದು ಅಂಗಿ, ಸೂಜಿ, ದಾರ. ನಾನು ಅವಳ ಸೆರಗು ಹಿಡಿದೆ. ಬಿಡಿಸಿಕೊಂಡಳು. ಅಪ್ಪನ ತೊಡೆಗೆ ತೊಡೆ ತಾಗಿಸಿ, ಅವರಿಬ್ಬರೂ ಇದ್ದ ಜಾಗದಲ್ಲೇ ಒತ್ತರಿಸಿ ಕೂತುಬಿಟ್ಟಳು.

"ಆಚೆ ಸರಿ ಅವ್ವಾ," ಅಂದಳು. "ನಾನೂ ಕೇಳತೀನಿ."

ನಮ್ಮ ಊರಿನಲ್ಲಿ ಹೀಗೆ ಯಾರೂ ಕೂತದ್ದನ್ನು ನಾನು ಕಂಡಿಲ್ಲ, ನನ್ನ ಹಿರಿಯರು ಕಂಡದ್ದನ್ನು ಕೇಳಿಯೂ ಇಲ್ಲ. ದಿನಾ ಕೆಲಸ ಮುಗಿಸಿ ಬಂದು ಅಲ್ಲಿ ಕೂರುತ್ತಿದ್ದಳು. ಮೊದಮೊದಲು ಸುಮ್ಮನೆ ಗುಂಡಿ ಹಚ್ಚುತ್ತಿದ್ದಳು. ಸಂತೆಯ ಹಿಂದಿನ ದಿನ, ನಾನು ಅಕ್ಕಿ ಆರಿಸುತ್ತಿದ್ದಾಗ, ಯಾರೂ ಏನೂ ಅನ್ನದೆಯೇ ಕಸ್ತೂರಿ ಕಿಸಕ್ಕೆಂದು ನಕ್ಕಳು. ಅದೇ ಗಳಿಗೆಯಲ್ಲಿ ಫಕೀರಪ್ಪನೂ ನಕ್ಕ. ಇಬ್ಬರೂ ಒಂದೇ ಕಡೆಗೆ ತಲೆ ಓರೆ ಮಾಡಿದ್ದರು.

"ಏನಂದ್ಳು?" ಅಂತ ಕೇಳಿದೆ. ಇಬ್ಬರೂ ನನ್ನನ್ನು ನೋಡಿದರು, ದೂರದ ಊರಿನಿಂದ ಬಂದವಳನ್ನು ನೋಡಿದ ಹಾಗೆ.

ಸಂತೆಯ ಮರುದಿನ, ಇಳಿಹೊತ್ತು. ಕಸ್ತೂರಿ ಸೋಫಾದಲ್ಲಿ ಕೂತೇ ಹಾಲಿನ ಬಟ್ಟಲು ನೆಲಕ್ಕಿಟ್ಟು ಬೂದಿಯನ್ನು ಕರೆದಳು. ಬೂದಿ ಅವಳ ಬೆಕ್ಕು. ಯಂತ್ರ ತುಳಿಯುವಾಗಲೂ ಅವಳ ಪಾದ ಬಿಟ್ಟು ಏಳದ ಬೆಕ್ಕು. ಕರೆದದ್ದಕ್ಕೆ ಬಂತು. ಬಟ್ಟಲಿನಿಂದ ಒಂದು ಮೊಳ ದೂರಕ್ಕೆ ಬಂದು ನಿಂತಿತು. ಅವಳನ್ನು ನೋಡಿತು. ಆಮೇಲೆ ಮೈ ನೆಲಕ್ಕೆ ತಗ್ಗಿಸಿ, ಅವಳ ಕಾಲು ತಾಗದಂತೆ ಸುತ್ತು ಹಾಕಿ, ಹೊರಟುಹೋಯಿತು. ಹಾಲು ಹಾಗೇ ಉಳಿಯಿತು.

"ಬೂದಿ," ಅಂದಳು ಕಸ್ತೂರಿ. "ಏ ಬೂದಿ, ನಾನ ಅಲ್ಲ ಬೇ?"

ಫಕೀರಪ್ಪ ನೋಡುತ್ತಿದ್ದ. ತನ್ನ ಕೈಯ ರೊಟ್ಟಿ ಬೇಡವೆಂದು ನಾಯಿ ಹೋದಾಗ ಅವನ ಮುಖದಲ್ಲಿ ಏನೂ ಕದಲಿರಲಿಲ್ಲ. ಈಗ ಕದಲಿತು. ಬಟ್ಟಲಿನ ಕಡೆ ನೋಡಿದ, ಮಗಳ ಕೈ ಕಡೆ ನೋಡಿದ. ಆ ಕೈ ಇನ್ನೂ ಬೆಕ್ಕಿಗೆಂದು ಚಾಚಿತ್ತು.

"ಹೊನ್ನಿ," ಅಂದ. ಗಿರಣಿಯಲ್ಲಿ ಕೂಗುತ್ತಿದ್ದನಲ್ಲ, ಆ ದನಿಯಲ್ಲಿ. "ಸಾಕು ನಿಲ್ಲಸು. ಹುಡುಗಿ ಬಂದು ಕುಂತೈತಿ ನಡುವ. ನಿನಗ ಕಾಣವಲ್ದೇನು? ಏಳು."

ಅವನು ಸೋಫಾದ ತುದಿ ಹಿಡಿದು, ಮೊಣಕಾಲು ಲಟಲಟ ಅನ್ನಿಸುತ್ತ, ಯಾರ ಆಸರೆಯೂ ಇಲ್ಲದೆ ಎದ್ದು ನಿಂತ. ತಿರುಗಿ ಕೈ ಚಾಚಿದ. "ಏಳು ಅಂದೆ. ಎಲ್ಲಾ ಕೇಳಾಕ ಆಗಲಿಲ್ಲ, ತಪ್ಪಾತು. ಇನ್ನೊಂದು ಜನ್ಮ ಬೇಕಾಕ್ಕೈತಿ ನಿನ್ನ ಮಾತಿಗೆ. ನಡಿ, ನಾ ಕಳಸಿ ಬರ್ತೀನಿ."

ಕೈ ಹಾಗೇ ಚಾಚಿತ್ತು. ಹೊನ್ನವ್ವ ಎಂದೂ ಒಂದು ಮಾತಿಗೆ ಎದ್ದವಳಲ್ಲ. ಜೀವಂತ ಇದ್ದಾಗಲೂ ಊಟಕ್ಕೆ ಮೂರು ಸಲ ಕರೆಯಬೇಕಿತ್ತು. ಕಸ್ತೂರಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಗೋಡೆಗೆ ಒರಗಿದ್ದೆ. ಬಹಳ ಹೊತ್ತಾದ ಮೇಲೆ ಅವನ ಬೆರಳುಗಳು ಒಂದೊಂದಾಗಿ ಮಡಚಿದವು. ಒಳಗೆ ಏನೋ ಇದ್ದ ಹಾಗೆ, ಮುಷ್ಟಿ ಪೂರ್ತಿ ಮುಚ್ಚಲಿಲ್ಲ.

ಅವನು ಬಾಗಿಲ ಕಡೆ ನಡೆದ, ಮೆಲ್ಲಗೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು. ಹೊಸ್ತಿಲಲ್ಲಿ ನಿಂತು, "ಕಾಲು ನೋಡಿ ಇಡು" ಅಂದ. ಸುಬೇದಾರ ಎದ್ದ. ಎದ್ದು ಅವರಿಗೆ ದಾರಿ ಬಿಟ್ಟ. ಆಮೇಲೆ ಹಿಂಗಾಲು ಎಳೆಯುತ್ತ ಹಿಂದೆ ಹೊರಟ. ನಾನೂ ಕಸ್ತೂರಿಯೂ ಹೊಸ್ತಿಲಲ್ಲಿ ನಿಂತು ನೋಡಿದೆವು. ಬೀದಿಯ ನಾಯಿಗಳು, ಆಡುಗಳು ಎದ್ದು ಸರಿದವು. ಇಬ್ಬರು ಸಾಗುವಷ್ಟು ಅಗಲಕ್ಕೆ ಸರಿದವು. ಮುಚ್ಚಿದ ಗಿರಣಿಯ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿಂದ ಆಚೆ ನಮಗೆ ಕಾಣಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಒಂದು ನಾಯಿ ಬೊಗಳಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಬೀದಿ. ಫಕೀರಪ್ಪ ಬರುತ್ತಿದ್ದ, ಕೈ ಕೆಳಗೆ ಬಿಟ್ಟುಕೊಂಡು. ಒಂದು ಮರಿ ಅವನ ಧೋತರದ ಚುಂಗು ಕಚ್ಚಿ ಎಳೆಯುತ್ತಿತ್ತು. ಅವನು ಅದನ್ನು ಬಿಡಿಸಲಿಲ್ಲ.

"ಅಪ್ಪಾ, ಸುಬೇದಾರ?" ಅಂದಳು ಕಸ್ತೂರಿ.

"ಕರದೆ," ಅಂದ. "ಒಂದ ಸಲ ತಿರುಗಿ ನೋಡಿದ. ಅಕಿ ಮುಂದ ಹೊಂಟಿದ್ಳಲ್ಲ."

ಅವನು ಹೋಗಿ ಸೋಫಾದಲ್ಲಿ ಕೂತ, ಕೂತು ಅತ್ತ. ಬೂದಿ ಅಟ್ಟದಿಂದ ಇಳಿದು ಅವನ ತೊಡೆ ಏರಿತು. ಕಸ್ತೂರಿಯ ತೊಡೆಗೆ ಬರಲು ಅಮಾವಾಸ್ಯೆ ದಾಟಬೇಕಾಯಿತು. ಅಲ್ಲಿಯವರೆಗೆ ನಾನು ಅವಳ ಮಗ್ಗುಲಲ್ಲೇ ಮಲಗಿದೆ. ಅವ್ವ ಏನು ಹೇಳಿದಳು, ನಕ್ಕದ್ದು ಯಾತಕ್ಕೆ ಅಂತ ನಾನು ಮತ್ತೆ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊನ್ನವ್ವ ಹೋದದ್ದು ಶುಕ್ರವಾರ, ಹೊತ್ತು ಮುಳುಗುವ ಮುಂಚೆ. ಸುಬೇದಾರನೂ ಅದೇ ಶುಕ್ರವಾರ ಹೋದ.